ಎರಡು ಬಾಗಿಲುಗಳ ಮೇಲಿನ ರೈಲುದಾರಿ

ಕ್ಯಾತನಹಳ್ಳಿಯ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ, ಹಳೆಯ ಎರಡು ಬಾಗಿಲುಗಳನ್ನು ಉದ್ದಕ್ಕೆ ಜೋಡಿಸಿ ಮಾಡಿದ ಹಲಗೆಯ ಮೇಲೆ, ಶ್ರೀರಂಗಪಟ್ಟಣದಿಂದ ಪಾಂಡವಪುರದವರೆಗಿನ ರೈಲುದಾರಿ ಇತ್ತು. ಅದನ್ನು ಕಟ್ಟಿದವರು ನಾನು ಮತ್ತು ನನ್ನ ಅಣ್ಣ. ಯಾರಾದರೂ ಅದನ್ನು ಆಟಿಕೆ ಎಂದರೆ ಇಬ್ಬರಿಗೂ ಸಿಟ್ಟು ಬರುತ್ತಿತ್ತು. ಆಟಿಕೆಯ ರೈಲಿಗೆ ಊರು ಎಂಬುದಿಲ್ಲ. ಕೀಲಿ ಮುಗಿಯುವ ತನಕ ಸುತ್ತು ಹೊಡೆಯುತ್ತದೆ, ಅಷ್ಟೆ. ನಮ್ಮ ರೈಲು ಒಂದು ಊರಿನಿಂದ ಹೊರಟು, ಕಾವೇರಿಯ ಉತ್ತರದ ಕವಲನ್ನು ದಾಟಿ, ಕಬ್ಬಿನ ಗದ್ದೆಗಳ ನಡುವೆ ಹಾದು, ಇನ್ನೊಂದು ಊರನ್ನು ಸೇರುತ್ತಿತ್ತು.

ಆಗ ನಾನು ನಾಗಮಂಗಲದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಮದುವೆಯಾಗಿರಲಿಲ್ಲ, ಅಲ್ಲಿಯೇ ಒಂದು ಬಾಡಿಗೆಯ ಕೋಣೆಯಲ್ಲಿ ಇದ್ದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ, ಪಾಂಡವಪುರದ ಬಸ್ಸು ಹಿಡಿದು, ಸಂಜೆಯ ಹೊತ್ತಿಗೆ ಊರು ಮುಟ್ಟುತ್ತಿದ್ದೆ. ಅಣ್ಣ ಊರಿನಲ್ಲಿ ಕಬ್ಬು ಬೆಳೆಯುತ್ತಿದ್ದ. ಬಿಡುವಿನಲ್ಲಿ ಸುತ್ತಲಿನ ರೈತರ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಿದ್ದ. ಅವನ ಕೈಗೆ ಕೆಲಸ ಗೊತ್ತಿತ್ತು, ನನಗೆ ತಪ್ಪು ಹಿಡಿಯುವುದು ಗೊತ್ತಿತ್ತು. ರೈಲುದಾರಿಯನ್ನು ಕಟ್ಟುವುದಕ್ಕೆ ಎರಡೂ ಬೇಕಾಗುತ್ತವೆ.

ತೊಂಬತ್ತರ ದಶಕ ಆಗಷ್ಟೇ ಆರಂಭವಾಗಿತ್ತು. ಮೈಸೂರು ಮತ್ತು ಬೆಂಗಳೂರಿನ ನಡುವಿನ ಮೀಟರ್ ಗೇಜ್ ಹಳಿಯನ್ನು ಕಿತ್ತು, ಅದಕ್ಕಿಂತ ಅಗಲವಾದ ಬ್ರಾಡ್ ಗೇಜ್ ಹಳಿ ಹಾಕುವ ಕೆಲಸದ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಜನ ಸಂತೋಷಪಟ್ಟರು. ಅಣ್ಣ ಮಾತ್ರ ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಾಂಡವಪುರದ ನಿಲ್ದಾಣಕ್ಕೆ ಹೊರಟ. ದಾರಿಯಲ್ಲಿ, “ಕಿತ್ತಾಕೋಕ್ ಮೊದ್ಲು ಅಳತೆ ತಕ್ಕಬೇಕು ಕಣ್ಲಾ,” ಎಂದ. ಯಾವುದರ ಅಳತೆ, ಯಾತಕ್ಕೆ ಎಂದು ನಾನು ಕೇಳಲಿಲ್ಲ. ಚಿಕ್ಕಂದಿನಿಂದ ನಾವಿಬ್ಬರೂ ಆ ರೈಲನ್ನು ನೋಡಲೆಂದೇ ನಾಲೆಯ ಏರಿಯ ಮೇಲೆ ಮೈಲಿಗಟ್ಟಲೆ ನಡೆದವರು.

ಟೇಪಿನ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಅವನು ಹಿಡಿದ. ಪ್ಲಾಟ್‌ಫಾರಂ, ಟಿಕೆಟ್ಟಿನ ಕಿಟಕಿ, ನೀರಿನ ತೊಟ್ಟಿ, ಬೇವಿನ ಮರದ ಕಟ್ಟೆ, ಯಾವುದನ್ನೂ ಬಿಡಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಒಬ್ಬ ಮುದುಕಿ ನಮ್ಮನ್ನು ಇಲಾಖೆಯವರೆಂದು ತಿಳಿದು, ಬಹಳ ಹೊತ್ತು ಗಮನಿಸಿ, ಕೊನೆಗೆ ಹತ್ತಿರ ಬಂದು, “ನಮ್ಮೊಲ ಓಯ್ತದಾ ಸ್ವಾಮಿ?” ಎಂದು ಕೇಳಿದಳು. ಅಣ್ಣ ನಗದೆ, “ಇಲ್ಲ ಕಣವ್ವ, ನಮ್ದು ಬಾಗ್ಲಗಲದ್ ರೈಲು, ಯಾರೊಲಾನೂ ಬ್ಯಾಡ,” ಎಂದ. ಅವಳಿಗೆ ಸಮಾಧಾನವಾಯಿತೋ ಇಲ್ಲವೋ, ನಮಗೆ ಬಾಳೆಹಣ್ಣು ಕೊಟ್ಟಳು.

ಅಂಗಡಿಯಲ್ಲಿ ಸಿಗುವ ರೈಲಿನ ಸಾಮಾನು ನಮ್ಮ ಕಡೆ ಯಾರೂ ಕಂಡವರಲ್ಲ. ಸೈಕಲ್ಲಿನ ಕಡ್ಡಿಗಳು ನಮಗೆ ಹಳಿಗಳಾದವು. ಐಸ್‌ಕ್ಯಾಂಡಿಯ ಕಡ್ಡಿಗಳನ್ನು ಸೀಳಿ, ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿ, ಹಳಿಯ ಅಡಿಯ ಅಡ್ಡಪಟ್ಟಿಗಳನ್ನು ಮಾಡಿದೆವು. ಎಂಜಿನ್ನಿನ ಒಳಗೆ ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಇತ್ತು. ಚಕ್ರಗಳನ್ನು ಮೈಸೂರಿನ ಲೇತಿನ ಅಂಗಡಿಯಲ್ಲಿ ಹಿತ್ತಾಳೆಯಲ್ಲಿ ಮಾಡಿಸಿ ತಂದೆವು. ಪೊರಕೆಯ ಎಳೆಗಳಿಗೆ ಹಸಿರು ಬಣ್ಣ ಹಚ್ಚಿ ಕಬ್ಬಿನ ಗದ್ದೆ ನೆಟ್ಟೆವು. ಕಾವೇರಿಗೆ ಒಂದು ಗಾಜು. ಅದರ ಕೆಳಗೆ ಅಣ್ಣ ಬಳಿದ ಬಣ್ಣ ನೀಲಿಯಲ್ಲ, ಹಸಿರೂ ಅಲ್ಲ, ಮಳೆಗಾಲ ಕಳೆದ ಮೇಲಿನ ಕಾವೇರಿಯದೇ ಬಣ್ಣ. ಸೇತುವೆಯ ಕಂಬಗಳ ನಡುವಿನ ಅಂತರ ತಪ್ಪಾಗಿದೆಯೆಂದು ನಾನು ಎರಡು ಬಾರಿ ಕೀಳಿಸಿದೆ. ಮೂರನೆಯ ಬಾರಿ ಅವನು, “ಮೇಷ್ಟ್ರೇ, ಪಾಸ್ ಮಾಡ್ಬುಡಿ, ಕೈ ಮುಗೀತೀನಿ,” ಎಂದ. ನಾನು ಪಾಸ್ ಮಾಡಲಿಲ್ಲ. ಅವನು ನಾಲ್ಕನೆಯ ಬಾರಿ ಕಟ್ಟಿದ್ದು ಸರಿಯಾಯಿತು.

ಅವ್ವ ಮೆಟ್ಟಿಲ ಬುಡದಲ್ಲಿ ನಿಂತು, ಗದ್ದೆಗೆ ನೀರು ತಿರುಗಿಸುವವರಿಲ್ಲ, ಮಹಡಿಯ ಮೇಲಿನ ಗದ್ದೆಗೆ ಇಬ್ಬರು ಆಳು ಎಂದು ಗೊಣಗುತ್ತಿದ್ದಳು. ಅತ್ತಿಗೆ ತನ್ನ ಪೊರಕೆ ದಿನದಿನಕ್ಕೆ ಬೋಳಾಗುತ್ತಿರುವುದು ಹೇಗೆಂದು ತನಗೆ ಗೊತ್ತಿಲ್ಲವೇ ಎನ್ನುತ್ತಿದ್ದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ನೆಂಟರು ಬಂದರೆ ಮಾತ್ರ, ಕಾಫಿಯಾದ ಮೇಲೆ, ಮೇಲೆ ಹೋಗಿ ನೋಡಿಕೊಂಡು ಬನ್ನಿ ಎಂದು ಹೇಳಿ ಸುಮ್ಮನಾಗುತ್ತಿದ್ದರು.

ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ. ಊರಿನ ಸುತ್ತ ಆಲೆಮನೆಗಳು. ಬೆಲ್ಲ ಕಾಯಿಸುವ ಕಾಲದಲ್ಲಿ ಅವುಗಳ ಹೊಗೆ ಕಿಟಕಿಯಿಂದ ಒಳನುಗ್ಗಿ ಹಳಿಯ ಮೇಲೆ ಮಸಿ ಕೂರಿಸುತ್ತಿತ್ತು. ಹಳಿಗೆ ಮಸಿ ಹತ್ತಿದರೆ ಕರೆಂಟು ಎಂಜಿನ್ನಿಗೆ ಏರುವುದಿಲ್ಲ. ಆದ್ದರಿಂದ ಪ್ರತಿ ಭಾನುವಾರ ಮೊದಲ ಕೆಲಸ ಸೀಮೆಎಣ್ಣೆಯ ಬಟ್ಟೆಯಿಂದ ಹಳಿ ಒರೆಸುವುದು. ಅವನು ಪಾಂಡವಪುರದ ತುದಿಯಿಂದ ಒರೆಸುತ್ತ ಬರುತ್ತಿದ್ದ, ನಾನು ಶ್ರೀರಂಗಪಟ್ಟಣದ ತುದಿಯಿಂದ. ಸೇತುವೆಯ ಬಳಿ ಇಬ್ಬರ ಕೈಗಳೂ ಸೇರುತ್ತಿದ್ದವು. ಅವನು ನನ್ನ ಬಟ್ಟೆಯನ್ನು ತಿರುಗಿಸಿ ನೋಡಿ, ನನ್ನ ಕಡೆಯ ಕೊಳೆಯೇ ಹೆಚ್ಚು ಎನ್ನುತ್ತಿದ್ದ.

ನಾವು ರೈಲು ಓಡಿಸುತ್ತಿದ್ದ ಕ್ರಮವನ್ನು ಇಲ್ಲಿ ವಿವರಿಸಬೇಕು. ಅದಿಲ್ಲದೆ ಮುಂದಿನದು ಅರ್ಥವಾಗದು. ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ ಇದ್ದಾಗ, ದಾರಿ ತೆರವಾಗಿದೆ ಎಂದು ಆಚೆಯವರು ತಿಳಿಸದ ಹೊರತು ಈಚೆಯವರು ಗಾಡಿ ಬಿಡುವಂತಿಲ್ಲ. ನಿಜವಾದ ರೈಲಿನವರು ಹಾಗೆ ಮಾಡುತ್ತಿದ್ದರು. ನಾವೂ ಹಾಗೆಯೇ ಮಾಡಿದೆವು. ಕೋಣೆಯ ನಡುವೆ ಅವ್ವನ ಒಂದು ಹಳೆಯ ಸೀರೆಯನ್ನು ಪರದೆಯಾಗಿ ಕಟ್ಟಿ, ಎರಡೂ ಬದಿಗೆ ಒಂದೊಂದು ಗಂಟೆಯ ಗುಂಡಿ ಇಟ್ಟೆವು. ನಾನು ಗಂಟೆ ಒತ್ತಿ ಕೇಳಬೇಕು, ಅವನು ಗಂಟೆ ಒತ್ತಿ ಒಪ್ಪಬೇಕು, ಆಮೇಲೆ ಗಾಡಿ. ಬಾಯಿಬಿಟ್ಟು ಮಾತಾಡುವುದು ನಿಷಿದ್ಧ. ಒಬ್ಬರ ಮುಖ ಒಬ್ಬರಿಗೆ ಕಾಣದೆ, ಒಂದು ಮಾತೂ ಇಲ್ಲದೆ ಇಡೀ ಮಧ್ಯಾಹ್ನ ಕಳೆಯುತ್ತಿತ್ತು. ಅಷ್ಟು ಹತ್ತಿರವಾಗಿ ನಾನು ಇನ್ಯಾರೊಂದಿಗೂ ಇದ್ದುದಿಲ್ಲ. ಅವನು ಗುಂಡಿ ಒತ್ತುವ ರೀತಿಯಿಂದಲೇ, ಆ ವಾರ ನಾಲೆಯಲ್ಲಿ ನೀರು ಬಿಟ್ಟರೋ ಇಲ್ಲವೋ ಎಂಬುದು ನನಗೆ ತಿಳಿಯುತ್ತಿತ್ತು.

ಹಳಿ ಬದಲಾಯಿಸುವ ಕೆಲಸಕ್ಕಾಗಿ ನಿಜವಾದ ರೈಲು ನಿಂತಾಗ, ಆ ಎರಡು ಊರುಗಳ ನಡುವೆ ಓಡುತ್ತಿದ್ದುದು ನಮ್ಮ ರೈಲೊಂದೇ. ಅಣ್ಣ ಅದನ್ನು ಹೇಳಿಕೊಂಡು ಊರೆಲ್ಲ ತಿರುಗಿದ.

ಅಪ್ಪ ತೀರಿಕೊಂಡರು. ಒಂದು ವರ್ಷದ ಕಾರ್ಯ ಮುಗಿದ ಮೇಲೆ ಪಾಲಿನ ಮಾತು ಬಂತು. ಜಗಳದಿಂದ ಬಂದುದಲ್ಲ, ಇಬ್ಬರೂ ಚೆನ್ನಾಗಿರುವಾಗಲೇ ಪಾಲು ಮುಗಿಸಿಕೊಳ್ಳುವುದು ಒಳ್ಳೆಯದೆಂದು ಸೋದರಮಾವ ಕೆ.ಆರ್. ಪೇಟೆಯಿಂದ ಬಂದು ಕುಳಿತರು. ನಮ್ಮವರಲ್ಲಿ ಅದಕ್ಕೊಂದು ಕ್ರಮವಿದೆ. ಹಿರಿಯವನು ಆಸ್ತಿಯನ್ನು ಎರಡು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಎಡೆಯಿಲ್ಲದ ಕ್ರಮ ಅದು. ಮಾವ ಹಜಾರದ ಚಾಪೆಯ ಮೇಲೆ ಕುಳಿತು ಮೊದಲೇ ಕಟ್ಟು ಹಾಕಿದರು:

“ಪಾಲ್ ಮಾಡ್ದೋನು ಯಾಕಿಂಗ್ ಮಾಡ್ದೆ ಅಂತ ಏಳ್ಬಾರ್ದು. ಆರಿಸ್ಕೊಳೋನು ಯಾಕೆ ಅಂತ ಕೇಳ್ಬಾರ್ದು. ಬಾಯ್ ಬುಟ್ರೆ ಮನಸ್ ಕೆಡ್ತದೆ.”

ಅಣ್ಣ ಒಂದೊಂದನ್ನೇ ಹೇಳಿದ. ಒಂದು ಪಾಲಿಗೆ ಊರಿನ ಮನೆ, ನಾಲೆಯ ಕೆಳಗಿನ ಗದ್ದೆ. ಇನ್ನೊಂದು ಪಾಲಿಗೆ ಪಾಂಡವಪುರದಲ್ಲಿ ಅಪ್ಪ ಕೊಂಡು ಬಾಡಿಗೆಗೆ ಕೊಟ್ಟಿದ್ದ ಮನೆ, ನಾಗಮಂಗಲದ ಕಡೆಯ ತೆಂಗಿನ ತೋಟ. ಹಿತ್ತಾಳೆಯ ಹಂಡೆ ಇಲ್ಲಿಗೆ, ಕೊಪ್ಪರಿಗೆ ಅಲ್ಲಿಗೆ. ನಾನು ಯಾವುದನ್ನು ಆರಿಸುತ್ತೇನೆಂಬುದು ಎಲ್ಲರಿಗೂ ಗೊತ್ತಿತ್ತು. ಉಳುವವನಿಗೆ ಗದ್ದೆ ಬಿಟ್ಟು ಮೇಷ್ಟ್ರು ಪೇಟೆಯ ಮನೆ ತೆಗೆದುಕೊಳ್ಳುವುದು ನ್ಯಾಯ. ಎಲ್ಲ ಮುಗಿಯಿತೆನ್ನುವಾಗ ಅವನು, “ಮಾಡಿ ಮ್ಯಾಲಿನ್ ರೈಲು ಪೇಟೆ ಮನೆ ಪಾಲಿಗೆ,” ಎಂದ.

ಅದು ನನ್ನ ಪಾಲಿಗೆ ಎಂದಂತೆಯೇ. ಊರಿನ ಮನೆಯ ಮಹಡಿಯಲ್ಲಿ, ಆ ಕೋಣೆಯ ಗೋಡೆಗೇ ಒರಗಿ ನಿಂತಿದ್ದುದನ್ನು ಅವನು ತನ್ನ ಮನೆಯಿಂದ ಹೊರಗೆ ಹಾಕುತ್ತಿದ್ದಾನೆ. ನಾನು ಅವನ ಮುಖ ನೋಡಿದೆ. ಅವನು ಚಾಪೆಯ ಅಂಚನ್ನು ನೋಡುತ್ತಿದ್ದ. ಕೇಳುವಂತಿರಲಿಲ್ಲ. ಪೇಟೆಯ ಮನೆಯನ್ನು ಆರಿಸಿದೆ. ಮಾವ ಎಲೆ ಅಡಿಕೆ ಕೊಟ್ಟರು.

ಪಾಲಿಗೆ ಬಂದ ವಸ್ತು ಅಂದೇ ಹೊಸ್ತಿಲು ದಾಟಬೇಕು. ಒಬ್ಬರ ಪಾಲಿನದು ಇನ್ನೊಬ್ಬರ ಮನೆಯಲ್ಲಿ ಉಳಿದರೆ ಮುಂದೆ ಮಾತಿಗೆ ಕಾರಣವಾಗುತ್ತದೆಂಬುದು ಆ ಕ್ರಮದ ಕೊನೆಯ ಭಾಗ. ಅಣ್ಣ ತಾನೇ ಮೇಲೆ ಹೋಗಿ, ಎರಡು ಬಾಗಿಲುಗಳು ಸೇರುವಲ್ಲಿ, ಸೇತುವೆಯ ಆಚೆ, ಹಳಿಗಳನ್ನು ಗರಗಸದ ಬ್ಲೇಡಿನಿಂದ ಕೊಯ್ದ. ಆ ಸದ್ದು ಸಣ್ಣದು. ಕೆಳಗೆ ಹಜಾರದಲ್ಲಿದ್ದ ನಮಗೆಲ್ಲ ಕೇಳಿಸಿತು. ಕಡಿದಾದ ಮೆಟ್ಟಿಲುಗಳಲ್ಲಿ ಬಾಗಿಲುಗಳನ್ನು ಅಡ್ಡ ಹಿಡಿದು ಇಳಿಸುವಾಗ ಕಬ್ಬಿನ ಗದ್ದೆ ಉದುರಿತು. ಅತ್ತಿಗೆ ಅದನ್ನು ಗುಡಿಸದೆ, ಒಂದೊಂದು ಎಳೆಯನ್ನೂ ಆರಿಸಿ ಕಾಗದದಲ್ಲಿ ಕಟ್ಟಿ ಕೊಟ್ಟಳು. ಟ್ರಾಕ್ಟರಿನ ಟ್ರೇಲರಿಗೆ ಹುಲ್ಲು ಹಾಸಿ ಅದರ ಮೇಲೆ ಮಲಗಿಸಿದ್ದಾಯಿತು. ಅಣ್ಣ ಬೀದಿಯವರೆಗೆ ಬಂದು ಹಗ್ಗ ಬಿಗಿದು ನೋಡಿದ. ಟ್ರಾಕ್ಟರು ಹತ್ತಲಿಲ್ಲ. ಪಾಲಾದ ದಿನ ಅಣ್ಣನಾದವನು ತಮ್ಮನ ಪಾಲಿನ ಹೊಸ್ತಿಲು ತುಳಿಯಬಾರದು.

ಬಾಡಿಗೆಯವರು ಬಿಟ್ಟಿದ್ದ ಆ ಮನೆಯಲ್ಲಿ ನಾನು ಮುಂದಿನ ಕೆಲವು ಭಾನುವಾರಗಳನ್ನು ಕಳೆದೆ. ಎರಡು ಬಾಗಿಲುಗಳನ್ನು ಹಿಂದಿನ ಕೋಣೆಯಲ್ಲಿ ಬೆಂಚುಗಳ ಮೇಲೆ ಜೋಡಿಸಿದೆ. ಕೊಯ್ದ ಹಳಿಗಳು ಎದುರುಬದುರು ಬಂದರೂ ಒಂದು ಕೂದಲೆಳೆಯಷ್ಟು ಏರುಪೇರು. ಎಂಜಿನ್ನು ಅಲ್ಲಿಗೆ ಬಂದು ಚಕ್ರ ಕೆಳಗಿಳಿಸಿ ನಿಂತುಬಿಡುತ್ತಿತ್ತು. ಬೆಸುಗೆ ಅಣ್ಣನ ಕೆಲಸ. ಇಂದು ಬಂದಾನು, ಮುಂದಿನ ವಾರ ಬಂದಾನು ಎಂದು ಬಾಗಿಲು ತೆರೆದಿಟ್ಟು ಕಾದೆ. ಕರೆಯಬೇಕೆಂದು ನನಗೆ ತೋಚಲಿಲ್ಲ. ಅಣ್ಣನನ್ನು ತಮ್ಮ ಕರೆಯುವುದೆಂದರೇನು?

ಅವ್ವ ಅಣ್ಣನೊಂದಿಗೆ ಉಳಿದಿದ್ದಳು. ಅವಳನ್ನು ನೋಡಲು ಊರಿಗೆ ಹೋದಾಗ ಅಣ್ಣ ಸಿಗುತ್ತಿದ್ದ. ನಾಲೆಯ ನೀರು, ಕಾರ್ಖಾನೆಗೆ ಕಬ್ಬು ಕಡಿಯುವ ಸರದಿ, ಇಂಥವನ್ನೇ ಹೇಳುತ್ತಿದ್ದ. ರೈಲು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ದಿನ ಮಹಡಿ ಹತ್ತಿ ನೋಡಿದರೆ, ಕೋಣೆಯ ತುಂಬ ಭತ್ತದ ಮೂಟೆಗಳು. ಮೂಟೆಗೆ ಜಾಗ ಬೇಕಿತ್ತು, ಅದಕ್ಕೇ ರೈಲು ನನ್ನ ಪಾಲಿಗೆ ಬಂತು ಎಂದು ಅಂದುಕೊಂಡೆ. ಅದು ತರ್ಕಕ್ಕೆ ಸರಿಹೊಂದುತ್ತಿತ್ತು. ಇಷ್ಟು ವರ್ಷ ಜೊತೆಗೆ ಕಟ್ಟಿದ್ದು ನನ್ನ ಸಂತೋಷಕ್ಕಾಗಿಯೇ ಹೊರತು ಅವನಿಗೆ ಅದರ ಮೇಲೆ ಆಸೆಯಿರಲಿಲ್ಲವೆಂದು ತೀರ್ಮಾನಿಸಿದ ಮೇಲೆ, ಪಾಂಡವಪುರದ ಮನೆಗೆ ಹೋಗುವುದು ಕಡಿಮೆಯಾಯಿತು. ಪರೀಕ್ಷೆಯ ಕೆಲಸ ಬಂತು, ಇನ್ನೇನೋ ಬಂತು. ಮನೆಗೆ ಬೀಗ ಬಿತ್ತು. ಹೊಸ ಅಗಲದ ಹಳಿಯ ಮೇಲೆ ದೊಡ್ಡ ರೈಲುಗಳು ಓಡಾಡುತ್ತಿದ್ದವು. ನಾನು ಮೈಸೂರಿಗೆ ಹೋಗಬೇಕಾದಾಗಲೂ ಬಸ್ಸನ್ನೇ ಹತ್ತುತ್ತಿದ್ದೆ.

ದಶಕದ ಕೊನೆಯ ಹೊತ್ತಿಗೆ ನನಗೆ ಮದುವೆ ಗೊತ್ತಾಯಿತು. ಪಾಂಡವಪುರದ ಮನೆಯನ್ನು ಸಜ್ಜು ಮಾಡಿ, ಹಾಲುಕ್ಕಿಸಿ, ಅಲ್ಲಿಯೇ ಸಂಸಾರ ಹೂಡುವುದೆಂದಾಯಿತು. ಸುಣ್ಣ ಬಳಿಯುವವರನ್ನು ಕರೆದುಕೊಂಡು ಹೋಗಿ ಹಿಂದಿನ ಕೋಣೆಯ ಬೀಗ ತೆಗೆದೆ.

ಗೆದ್ದಲು ಹಿಡಿದಿತ್ತು. ಬೆಂಚಿನ ಕಾಲುಗಳಿಂದ ಏರಿ, ಎರಡು ಬಾಗಿಲುಗಳನ್ನೂ ಒಳಗಿನಿಂದ ತಿಂದು, ಹೊರಗೆ ಬಣ್ಣದ ಸಿಪ್ಪೆಯನ್ನಷ್ಟೇ ಉಳಿಸಿತ್ತು. ಪೊರಕೆಯ ಎಳೆಗಳಿಲ್ಲ, ಅಡ್ಡಪಟ್ಟಿಗಳಿಲ್ಲ; ರಟ್ಟಿನ ನಿಲ್ದಾಣವಿದ್ದಲ್ಲಿ ಕೆಂಪು ಮಣ್ಣಿನ ಗುಪ್ಪೆ. ಹಳಿಗಳನ್ನು ಮಾತ್ರ ಅದಕ್ಕೆ ಏನೂ ಮಾಡಲಾಗಿರಲಿಲ್ಲ. ಆಧಾರವೆಲ್ಲ ಹೋದ ಮೇಲೂ ಅವು ಆ ಮಣ್ಣಿನ ಮೇಲೆ, ನಾವು ಇಟ್ಟ ಅಂತರವನ್ನು ಬಿಡದೆ, ಜೊತೆಜೊತೆಯಾಗಿ ಮಲಗಿದ್ದವು. ಈ ಕೋಣೆ ಈಗ ಬೇಡವೆಂದು ಸುಣ್ಣದವರಿಗೆ ಹೇಳಿ ಬಾಗಿಲು ಹಾಕಿದೆ.

ಕುಂಕುಮ ಹಿಡಿದು ಊರಿಗೆ ಹೋಗಿ ಅಣ್ಣ ಅತ್ತಿಗೆಯರನ್ನು ಹಾಲುಕ್ಕಿಸುವ ಶಾಸ್ತ್ರಕ್ಕೆ ಕರೆದೆ. ಗೆದ್ದಲಿನ ಸಂಗತಿ ಬಾಯಿಗೆ ಬರಲಿಲ್ಲ. ಅತ್ತಿಗೆ ಕುಂಕುಮ ಇಟ್ಟುಕೊಂಡು, “ಈಗ್ ನೆಪ್ಪಾಯ್ತಾ ಮೇಷ್ಟ್ರಿಗೆ?” ಎಂದಳು. ಅದು ತಮಾಷೆಯೆಂದು ನಾನು ನಕ್ಕೆ. ಅವಳು ನಗಲಿಲ್ಲ.

ಶಾಸ್ತ್ರದ ದಿನ ಎಲ್ಲರೂ ಹೊತ್ತೇರಿದ ಮೇಲೆ ಬರುವವರು. ಅಣ್ಣ ಮೊದಲನೆಯ ಬಸ್ಸಿಗೇ ಒಬ್ಬನೇ ಬಂದಿಳಿದ. ಹೊಸ ಪಂಚೆ ಉಟ್ಟಿದ್ದ. ಹೆಗಲಲ್ಲಿ ಮೋಟಾರು ರಿಪೇರಿಯ ಚೀಲ; ಅದರ ಬಾಯಿಂದ ಬೆಸುಗೆಯ ಸಲಾಕೆಯ ಹಿಡಿ ಹೊರಗೆ ಕಾಣುತ್ತಿತ್ತು. ಹೊಸ್ತಿಲಿಗೆ ಬಲಗಾಲಿಟ್ಟು ಒಳಗೆ ಬಂದವನು ಗೋಡೆಯನ್ನಾಗಲಿ, ಬಣ್ಣವನ್ನಾಗಲಿ ನೋಡಲಿಲ್ಲ.

“ಎಲ್ಲದೆ?” ಎಂದ.

ನಾನು ಬೀಗ ತೆಗೆದೆ.

ಅವನು ಒಳಗೆ ಹೋಗಿ, ರೈಲಿನ ಹಲಗೆಯಾಗಿದ್ದ ಬಾಗಿಲಿನ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿದ. ಬೆರಳು ಒಳಗೆ ಇಳಿಯಿತು. ಚೀಲವನ್ನು ಕೆಳಗಿಡಲು ಜಾಗ ಹುಡುಕಿದ, ಸಿಗದೆ ಹೆಗಲಲ್ಲೇ ಇಟ್ಟುಕೊಂಡ.

“ಯಾಕ್ಲಾ ಕರೀನಿಲ್ಲ ನನ್ನ?”

“ನೀನ್ ಯಾಕಣ್ಣ ಬರ್ನಿಲ್ಲ?”

“ಆಲುಕ್ಕಿಸ್ದೆ, ಕರೀದೆ, ತಮ್ಮನ್ ಮನೆಗೆ ಎಂಗ್ಲಾ ಬರ್ಲಿ? ಪಾಲಾದ್ ಮ್ಯಾಲೆ ಒಂದ್ ಸಲ ಕರೀಬೇಕು. ಒಂದೇ ಸಲ. ಆಮ್ಯಾಕೆ ವಾರ ವಾರ ಬತ್ತಿದ್ದೆ.”

ಒಬ್ಬನೇ ಇದ್ದವನು, ಹೆಣ್ಣು ದಿಕ್ಕಿಲ್ಲದ ಮನೆಯಲ್ಲಿ ಯಾರಿಂದ ಹಾಲುಕ್ಕಿಸಲಿ ಎಂದೆ. ನೀನು ರೈಲನ್ನು ಮನೆಯಿಂದ ಹೊರಗೆ ಹಾಕಿದೆಯೆಂದು ತಿಳಿದಿದ್ದೆ ಎಂದೂ ಹೇಳಿದೆ. ಅವನು ನನ್ನ ಕಡೆ ತಿರುಗಿದ.

“ಊರ್ ಮನೇಲಿದ್ದಿದ್ರೆ ನೀನ್ ಬರ್ಬೇಕಾಯ್ತಿತ್ತು. ಪಾಲಾದ್ ಮನೆಗೆ ತಮ್ಮ ವಾರ ವಾರ ಬಂದ್ರೆ ಜನ ಆಡ್ಕಂತಾರೆ, ಇನ್ನೂ ಏನ್ ಉಳ್ದದೆ ಅಂತ ಬತ್ತಾನೆ ಅಂತಾರೆ. ನಿನ್ ಮನೇಲಿದ್ರೆ ನಾನ್ ಬರ್ಬೋದು. ಅಣ್ಣ ಬಂದ್ರೆ ಯಾವನ್ಲಾ ಕೇಳ್ತಾನೆ? ನಿಂಗ್ ಅರ್ತವಾಯ್ತದೆ ಅಂದ್ಕಂಡೆ.”

ಅರ್ಥವಾಗುತ್ತದೆಂದು ಅವನು ನಂಬಿದ್ದು ಸಹಜ. ಎಷ್ಟೋ ವರ್ಷ ಅವನ ಒಂದು ಮಾತೂ ಇಲ್ಲದೆ ನನಗೆ ಎಲ್ಲ ಅರ್ಥವಾಗಿತ್ತು. ಹೇಳಬೇಕಾಗಿದ್ದ ಆ ಒಂದು ಸಲ ಅವನು ಮಾವನ ಕಟ್ಟಿಗೆ ತಲೆಬಾಗಿ ಹೇಳಲಿಲ್ಲ. ನಾನು ಅದೇ ಕಟ್ಟಿಗೆ ತಲೆಬಾಗಿ ಕೇಳಲಿಲ್ಲ. ಇಬ್ಬರೂ ಕ್ರಮ ತಪ್ಪಿದವರಲ್ಲ. ಅಪ್ಪ ನಮ್ಮನ್ನು ಹಾಗೆ ಬೆಳೆಸಿದ್ದರು, ನಾವೂ ಅದರ ಬಗ್ಗೆ ಹೆಮ್ಮೆಪಟ್ಟುಕೊಂಡಿದ್ದೆವು. ಕ್ರಮದಲ್ಲಿ ಏನೂ ತಪ್ಪಿಲ್ಲದೆಯೂ ಇಂಥದು ಆಗಬಹುದೆಂದು ನನಗೆ ಯಾವ ಪಾಠದಲ್ಲೂ ಬಂದಿರಲಿಲ್ಲ.

ಮತ್ತೆ ಕಟ್ಟೋಣವೇ ಎಂದು ಕೇಳಿದೆ. ಅವನು ನಿಲ್ದಾಣವಿದ್ದ ಗುಪ್ಪೆಯ ಮಣ್ಣನ್ನು ಬೆರಳಲ್ಲಿ ಕೆದಕಿ ನೋಡಿದ. ನಾವು ಅಳತೆ ತೆಗೆದಿದ್ದ ಹಳಿಯೇ ಈಗ ಇರಲಿಲ್ಲ. ಪಾಂಡವಪುರದ ಪ್ಲಾಟ್‌ಫಾರಮನ್ನೂ ಎತ್ತರಿಸಿದ್ದರು.

“ಯಾವುದ್ನ ನೋಡ್ಕಂಡ್ ಕಟ್ಟೀಯೆ?” ಎಂದ. ಬೆರಳಿನ ಮಣ್ಣು ಒರೆಸಿಕೊಂಡು, “ಬುಡು. ಮೊದ್ಲು ಆಲುಕ್ಲಿ. ಆಮ್ಯಾಕೆ ಇದ್ನ ತಗ್ದಾಕ್ಬೇಕು. ತೊಲೆಗ್ ಅತ್ಕಂಡ್ರೆ ಮನೆ ಉಳಿಯಾಕಿಲ್ಲ,” ಎಂದ.

ಹಾಲು ಉಕ್ಕಿತು. ಬಂದವರು ಉಂಡು ಹೋದರು. ಅವ್ವ ಮತ್ತು ಅತ್ತಿಗೆ ಮಾವನ ಕಾರಿನಲ್ಲಿ ಊರಿಗೆ ಹೊರಟರು. ನಾವಿಬ್ಬರೂ ಪಂಚೆ ಎತ್ತಿ ಕಟ್ಟಿ ಹಿಂದಿನ ಕೋಣೆಯ ಕೆಲಸಕ್ಕೆ ಇಳಿದೆವು. ಅವನು ಬಿಚ್ಚಿದ, ನಾನು ವಿಂಗಡಿಸಿದೆ: ಕಬ್ಬಿಣ ಒಂದು ಕಡೆ, ತಂತಿ ಒಂದು ಕಡೆ, ಸುಡುವುದು ಒಂದು ಕಡೆ. ಕಾವೇರಿಯ ಗಾಜು ಒಡೆಯದೆ ಬಂತು. ಅದನ್ನು ಗೋಡೆಗೆ ಒರಗಿಸಿಟ್ಟೆವು. ಬಾಗಿಲುಗಳು ಹಿತ್ತಲಿಗೆ ಒಯ್ಯುವ ದಾರಿಯಲ್ಲೇ ಕೈಯಲ್ಲಿ ಪುಡಿಯಾದವು. ಸೀಮೆಎಣ್ಣೆ ಹಾಕಿ ಸುಟ್ಟೆವು. ಒಂದು ಕೆಲಸವನ್ನು ಒಟ್ಟಿಗೆ ಮಾಡುವಾಗ ನಮ್ಮ ಕೈಗಳು ಇನ್ನೂ ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ ಎಂಬುದೇ ಅಂದು ನನಗೆ ಸಹಿಸಲಾಗದ ಸಂಗತಿಯಾಗಿತ್ತು.

ಎಂಜಿನ್ನಿನ ಚಕ್ರಗಳಿಗೆ ಕಿಲುಬು ಹತ್ತಿತ್ತು. ಅಣ್ಣ ಅದನ್ನು ಪಂಚೆಯ ತುದಿಯಿಂದ ಒರೆಸಿದ. ನೀನೇ ಒಯ್ಯಿ, ಅದರ ಮೋಟಾರು ನೀನು ಕೂರಿಸಿದ್ದು ಎಂದೆ. ಅವನು ತಲೆಯಾಡಿಸಿ, ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, “ನಿನ್ ಪಾಲ್ಗ್ ಬಂದುದ್ದು,” ಎಂದ. ಮಾತಿನಲ್ಲಿ ಕೋಪವಿರಲಿಲ್ಲ.

ಹೊತ್ತು ಇಳಿಯುತ್ತಿತ್ತು. ಊರಿನ ಬಸ್ಸಿಗೆ ಹೊರಡುತ್ತೇನೆಂದ. ಕಾಫಿ ಕುಡಿದ, ಲೋಟವನ್ನು ತಾನೇ ತೊಳೆದಿಡಲು ಹೋಗಿ, ನೆನಪಾದವನಂತೆ ಅಲ್ಲಿಯೇ ಇಟ್ಟ. ನಾನು ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆಗೆ ನಡೆದೆ. ಬಸ್ಸಿನ ನಿಲ್ದಾಣದಲ್ಲಿ ಇಬ್ಬರೂ ನಿಂತೆವು. ಬಸ್ಸು ಬಂತು. ಅವನು ಹತ್ತಿ ಕಿಟಕಿಯ ಬಳಿ ಕುಳಿತು, “ಬತ್ತೀನಿ ಕಣಪ್ಪ,” ಎಂದ. ಲೇ ಎನ್ನಲಿಲ್ಲ, ಕಣ್ಲಾ ಎನ್ನಲಿಲ್ಲ.

ಬಸ್ಸು ಹೊರಟ ಮೇಲೂ ನಾನು ಅಲ್ಲಿಯೇ ಇದ್ದೆ. ನಮ್ಮ ಕಡೆ ಮನೆಯವರನ್ನು ಬಸ್ಸು ಹತ್ತಿಸಲು ಯಾರೂ ಹೋಗುವುದಿಲ್ಲ. ಅವರು ಬರುತ್ತಾರೆ, ಹೋಗುತ್ತಾರೆ. ಜೊತೆಗೆ ನಡೆದು ಬಂದು, ಬಸ್ಸು ಹತ್ತಿಸಿ, ಅದು ಮರೆಯಾಗುವ ತನಕ ನಿಲ್ಲುವುದು ನೆಂಟರಿಗೆ.